ಹೆಂಚಿನೂರಿನ ಮೂರು ಬಸ್ಸು

ಪತ್ರಿಕೆಯ ಎರಡನೇ ಪುಟದಲ್ಲಿ, ಎಡಗಡೆ, ಒಂದು ಗೇಣುದ್ದದ ಅಂಕಣ. ಹೆಸರು ‘ಈ ದಿನ’. ಇತಿಹಾಸದಲ್ಲಿ ಈ ದಿನ ಏನಾಯಿತು, ಇವತ್ತು ಯಾವುದರ ದಿನಾಚರಣೆ, ಇವತ್ತು ಹುಟ್ಟಿದ ದೊಡ್ಡವರು ಯಾರು, ಇಷ್ಟನ್ನು ಹುಡುಕಿ ಜೋಡಿಸುವುದು ಅವಳ ಕೆಲಸ. ಆಗಷ್ಟೇ ಡಿಗ್ರಿ ಮುಗಿಸಿ ಬಂದ ಹುಡುಗಿ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಹಗಲೆಲ್ಲ ತಾರೀಖುಗಳ ನಡುವೆ ತಲೆ ಹುದುಗಿಸಿ ಕೂತಿರುತ್ತಿದ್ದುದರಿಂದ ಕಚೇರಿಯಲ್ಲಿ ಅವಳಿಗೆ ‘ತಾರೀಖು’ ಎಂದೇ ಹೆಸರು ಬಿತ್ತು. ಅವಳು ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಬಾಯಿ ಬೇಕಲ್ಲ.

ಅವಳ ಮೇಲಿನವರು ಹಿರಿಯ ಉಪಸಂಪಾದಕರು. ಅವರಿಗೂ ಒಂದು ಅಡ್ಡಹೆಸರಿತ್ತು, ಭೂತಗನ್ನಡಿ. ಹಿಂದೊಮ್ಮೆ, ಇನ್ನೂ ಬದುಕಿದ್ದ ಗಾಯಕರೊಬ್ಬರನ್ನು ‘ದಿವಂಗತ’ ಎಂದು ಅಚ್ಚು ಹಾಕಿದ್ದಕ್ಕೆ, ಆ ಗಾಯಕರೇ ಮೆಟ್ಟಿಲು ಹತ್ತಿ ಬಂದು “ನಾನು ಹೋಗಿದ್ದು ಯಾವಾಗ ಸ್ವಾಮಿ?” ಎಂದು ಕೇಳಿದ್ದರಂತೆ. ಅಂದಿನಿಂದ ಭೂತಗನ್ನಡಿಯವರು ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನಿಂದ ‘ಆಧಾರ?’ ಎಂದು ಬರೆಯುವ ವ್ರತ ಹಿಡಿದಿದ್ದರು.

ಅಂಕಣದ ಕೊನೆಯ ನಾಲ್ಕು ಸಾಲು ಮಾತ್ರ ಇತಿಹಾಸದ್ದಲ್ಲ, ಅವಳ ಅಪ್ಪನದು. ಅಪ್ಪ ಹೊಲಿಗೆ ಯಂತ್ರದ ಮೆಕ್ಯಾನಿಕ್. ಕಂಪನಿ ಕಳಿಸಿದ ಕಡೆಗೆಲ್ಲ ಸ್ಕ್ರೂಡ್ರೈವರ್ ಚೀಲ ಹೊತ್ತು ಊರೂರು ತಿರುಗಿದ ಮನುಷ್ಯ. ತೀರಿಕೊಂಡು ಎರಡು ವರ್ಷವಾಗಿತ್ತು. ಹೋದಲ್ಲೆಲ್ಲ ಕಿಸೆ ಡೈರಿಯಲ್ಲಿ ಎರಡು ಮೂರು ಸಾಲು ಬರೆದಿಡುತ್ತಿದ್ದ. ಊರಿನ ಹೆಸರು ಮಾತ್ರ ಎಂದೂ ಬರೆದವನಲ್ಲ. ತಾನೇ ಇಟ್ಟ ಹೆಸರು: ಹಡಗಿನೂರು, ಕೆಟ್ಟ ಗಡಿಯಾರದೂರು, ನಾಯಿಗಳೂರು. ಕೊನೆಯಲ್ಲಿ ರಿಪೇರಿಯಾದ ಮೆಷಿನ್ನಿನ ಲೆಕ್ಕ. ‘ಕೆಟ್ಟ ಗಡಿಯಾರದೂರು. ಇಡೀ ಊರಿಗೇ ಸದಾ ಹತ್ತು ಗಂಟೆ. ಆದರೂ ಊಟಕ್ಕೆ ಯಾರೂ ತಡ ಮಾಡುವುದಿಲ್ಲ. ಮೆಷಿನ್: ಒಂಬತ್ತು.’ ಒಂದು ದಿನ ಅಂಕಣದಲ್ಲಿ ಜಾಗ ಉಳಿದಾಗ ಅವಳು ಅಂಜುತ್ತಲೇ ಇದನ್ನು ತುಂಬಿಸಿದಳು. ಓದುಗರಿಗೆ ಹಿಡಿಸಿತು. ಯಾವ ಊರು ಎಂದು ಊಹಿಸಿ ಕಾಗದ ಬರೆಯುವವರೂ ಹುಟ್ಟಿಕೊಂಡರು.

ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಅಮ್ಮ. ಜೀವಮಾನದಲ್ಲಿ ಆ ಮನೆ, ಆ ಬೀದಿ ಬಿಟ್ಟು ಕದಲದವಳು, ಗಂಡ ಹೋದಲ್ಲಿಗೆಲ್ಲ ಈಗ ಕನ್ನಡಕ ಹಾಕಿಕೊಂಡು ಹೋಗಿಬರುತ್ತಿದ್ದಳು.

ಹೋದ ವಾರ ಅಮ್ಮ ಕೇಳಿದ್ದಳು. “ಹನ್ನೊಂದನೇ ತಾರೀಖಿಗೆ ಏನು ಹಾಕ್ತೀಯೇ?”

ಹನ್ನೊಂದು ಎಂದರೆ ಅಕ್ಕ ಹೋದ ದಿನ. ಇವಳು ಹುಟ್ಟುವುದಕ್ಕೆ ಮೂರು ವರ್ಷ ಮೊದಲು, ಎರಡು ವರ್ಷದ ಮಗು, ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಿತ್ತು. ಅಪ್ಪ ಆಗ ಹಡಗಿನೂರಿನಲ್ಲಿದ್ದ, ಎರಡು ದಿನದ ರೈಲು ದಾರಿ. ತಂತಿ ಕಂಪನಿಯ ಕಚೇರಿಗೆ ಹೋಗಿ, ಅಲ್ಲಿಂದ ಅವನಿಗೆ ಮುಟ್ಟಿ, ಅವನು ಬಂದು ಸೇರುವಷ್ಟರಲ್ಲಿ ಮೂರು ದಿನ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕತೆ.

“ಆ ವರ್ಷದ ಡೈರಿ ಪೆಟ್ಟಿಗೇಲಿ ಇಲ್ವಲ್ಲಮ್ಮ.”

“ಡೈರಿ ಇಲ್ದಿದ್ರೆ ನಾನಿಲ್ವಾ? ನಾನು ಹೇಳ್ತೀನಿ, ಬರ್ಕೋ.”

ಅಂಕಣ ಒಂದು ವಾರ ಮೊದಲೇ ಸಿದ್ಧವಾಗಬೇಕು. ಅಮ್ಮ ಹೇಳಿದಂತೆ, ಅಪ್ಪನ ಧಾಟಿಯಲ್ಲೇ ನಾಲ್ಕು ಸಾಲು ಬರೆದು ಕೊಟ್ಟಳು. ‘ಹಡಗಿನೂರು. ತಂತಿ ಬಂತು. ಎರಡು ದಿನದ ದಾರಿ. ರೈಲಿನಲ್ಲಿ ನಿಂತೇ ಬಂದೆ, ಕೂರಲು ಮನಸ್ಸಾಗಲಿಲ್ಲ.’

ಹತ್ತನೇ ತಾರೀಖು ಬೆಳಿಗ್ಗೆ ಊಟದ ಡಬ್ಬಿ ಕೊಡುವಾಗ ಅಮ್ಮನ ಮುಖ ಅರಳಿತ್ತು. “ಸಿಕ್ತು ಕಣೇ, ಆ ವರ್ಷದ ಡೈರಿ. ಅವರ ಸ್ಕ್ರೂಡ್ರೈವರ್ ಚೀಲದ ತಳದಲ್ಲಿ, ಎಣ್ಣೆಬಟ್ಟೆ ಸುತ್ತಿಟ್ಟಿದ್ರು. ಪಕ್ಕದ ಟೈಲರು ಸ್ಪ್ಯಾನರ್ ಕೇಳಿದ್ನಲ್ಲ, ಅದಕ್ಕೆ ತಡಕಿದೆ. ಅಕ್ಷರ ಸಣ್ಣ, ನನಗೆ ಕಾಣಲ್ಲ. ನೀನೇ ಓದಿ ಸಂಜೆ ಹೇಳು.”

ಹನ್ನೊಂದೂವರೆಗೆ ಭೂತಗನ್ನಡಿಯವರು ಮರುದಿನದ ಪುಟದ ಕರಡು ತಂದು ಮೇಜಿನ ಮೇಲಿಟ್ಟರು.

“ತಾರೀಖಮ್ಮ, ಸೇತುವೆ ಉದ್ಘಾಟನೆಯ ವರ್ಷ ಸರಿ ಇದೆ. ಮೊಟ್ಟೆ ದಿನ ಸರಿ ಇದೆ. ಮೊಟ್ಟೆಗೂ ಒಂದು ದಿನ ಮಾಡಿದಾರೆ ನೋಡಿ, ನಮ್ಮಂಥೋರಿಗೆ ಮಾತ್ರ ಇಲ್ಲ. ಈ ಕೊನೇ ನಾಲ್ಕು ಸಾಲಿಗೆ ಆಧಾರ?”

“ಅಮ್ಮ, ಸರ್.”

“ಅಮ್ಮ ಆ ರೈಲಲ್ಲಿದ್ರಾ?”

“ಇಲ್ಲ.”

“ಮತ್ತೆ?”

“ಡೈರಿ ಇವತ್ತು ಸಿಕ್ಕಿದೆ. ನೋಡ್ತೀನಿ.”

“ನೋಡಿ. ಐದಕ್ಕೆ ಪುಟ ಹೋಗುತ್ತೆ.”

ಅವರು ಹೋದ ಮೇಲೆ ಅವಳು ಎಣ್ಣೆಬಟ್ಟೆ ಬಿಚ್ಚಿದಳು. ಮೆಷಿನ್ ಎಣ್ಣೆಯ ವಾಸನೆ ಗಪ್ಪೆಂದು ಬಂದು, ಅಪ್ಪನೇ ಬಗ್ಗಿ ನಿಂತಂತಾಯಿತು. ಹನ್ನೊಂದನೇ ತಾರೀಖಿನ ಹಾಳೆ ತೆಗೆದಳು.

‘ಹೆಂಚಿನೂರು. ಹತ್ತೂವರೆಗೆ ತಂತಿ. ಹನ್ನೊಂದರ ಬಸ್ಸು ಹತ್ತಿದೆ, ಇಳಿದೆ. ಹನ್ನೆರಡರದು ಹತ್ತಿದೆ, ಇಳಿದೆ. ಎರಡರದು ಹತ್ತಿ ಬೀದಿ ತಿರುವಿನವರೆಗೆ ಬಂದೆ. ಜನ ಕಂಡರು. ತಿರುಗಿ ಹೋದೆ. ಮೆಷಿನ್: ಸೊನ್ನೆ.’

ಹೆಂಚಿನೂರು ಎಂದರೆ ಹೆಂಚಿನ ಕಾರ್ಖಾನೆಯ ಊರು, ಬೇರೆ ಡೈರಿಗಳಲ್ಲಿ ಎಷ್ಟೋ ಸಲ ಬಂದಿತ್ತು. ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಹಿಂದಿನ ಹಾಳೆ ನೋಡಿದಳು, ಹಡಗಿನೂರಿಗೆಂದು ಹೇಳಿ ಹೊರಟವನನ್ನು ಕಂಪನಿ ಎರಡು ದಿನ ಮೊದಲೇ ಇಲ್ಲಿಗೆ ಕಳಿಸಿತ್ತು.

ಅವಳು ಮುಂದಿನ ಹಾಳೆ ತಿರುಗಿಸಿದಳು. ಹೆಂಚಿನೂರು. ಮೆಷಿನ್: ಸೊನ್ನೆ. ಅದರ ಮುಂದಿನದು, ಹೆಂಚಿನೂರು, ಸೊನ್ನೆ. ಆಮೇಲೆ, ‘ಮನೆ.’ ಅಷ್ಟೇ.

ಪುಟ ಹಾಗೇ ಹೋಗಲಿ ಅಂದುಕೊಂಡಳು. ಭೂತಗನ್ನಡಿಯವರ ಕಣ್ಣಿಗೆ ಮಣ್ಣೆರಚುವುದು ಕಷ್ಟವಲ್ಲ, ‘ಸರಿ ಇದೆ ಸರ್’ ಅಂದರೆ ಮುಗಿಯಿತು. ಇಲ್ಲವೇ ನಾಲ್ಕು ಸಾಲು ಕಿತ್ತು ಮೊಟ್ಟೆಯನ್ನೇ ಹಿಗ್ಗಿಸಬಹುದು. ಆದರೆ ಸಂಜೆ ಅಮ್ಮ ಕೇಳುತ್ತಾಳೆ. ಮುಚ್ಚಿದರೆ ಅಮ್ಮನ ಗಂಡ ಅಮ್ಮನಿಗೆ ಇದ್ದಂತೆಯೇ ಉಳಿಯುತ್ತಾನೆ. ಹೇಳಿದರೆ ಸತ್ತವನು ಇನ್ನೊಂದು ಸಲ ಸಾಯುತ್ತಾನೆ. ಡಬ್ಬಿ ತೆರೆಯದೆ ಚೀಲಕ್ಕೆ ಹಾಕಿ, ಊಟದ ಹೊತ್ತಿಗೆ ಮನೆಗೆ ನಡೆದಳು.

ಅಮ್ಮ ಬಟ್ಟೆ ಮಡಚುತ್ತಿದ್ದಳು. “ಏನೇ, ಇಷ್ಟು ಬೇಗ? ಕೆಲಸದಿಂದ ತೆಗೆದ್ರಾ?”

“ಇಲ್ಲಮ್ಮ. ಓದೋಣ ಅಂತ ಬಂದೆ.”

“ಓದು ಮತ್ತೆ.” ಅಮ್ಮ ಮಂಚದ ಮೇಲೆ ಜಾಗ ಮಾಡಿದಳು.

ಅವಳು ಡೈರಿ ಮುಖಕ್ಕೆ ಹಿಡಿದು ಶುರುಮಾಡಿದಳು. “ಹಡಗಿನೂರು. ತಂತಿ ಬಂತು. ಎರಡು ದಿನದ ದಾರಿ...”

“ಅದು ನಾನು ಹೇಳಿದ್ದು. ಅವರು ಬರೆದಿದ್ದು ಓದು.”

ಸುಳ್ಳು ಹೇಳುವುದಕ್ಕೂ ಒಂದು ಅಭ್ಯಾಸ ಬೇಕು. ಮಾತೇ ಆಡದವಳಿಗೆ ಅದು ಎಲ್ಲಿಂದ ಬರಬೇಕು. ಡೈರಿಯಲ್ಲಿದ್ದುದನ್ನೇ, ತಡೆಯದೆ, ಸೊನ್ನೆಯವರೆಗೂ ಓದಿಬಿಟ್ಟಳು.

ಅಮ್ಮ ಕೈಯಲ್ಲಿದ್ದ ಟವೆಲ್ಲನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು.

“ಇನ್ನೊಂದ್ಸಲ ಓದು.”

ಓದಿದಳು.

“ಮೂರು ಬಸ್ಸು,” ಅಂದಳು ಅಮ್ಮ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಅಪ್ಪಂಗೆ ಧೈರ್ಯ ಸಾಲಲಿಲ್ಲ ಅಷ್ಟೇ ಅಮ್ಮ. ಬರಬಾರದು ಅಂತಲ್ಲ.”

“ನಾನು ಮಗೂನ ನಾಲ್ಕು ಗಂಟೆಗೆ ಮಣ್ಣಿಗೆ ಕಳಿಸಿಬಿಟ್ಟೆ,” ಅಮ್ಮ ಅವಳ ಮಾತು ಕೇಳಿಸಿಕೊಂಡಂತಿರಲಿಲ್ಲ. “ಎರಡು ದಿನದ ದಾರಿ, ಎಲ್ಲಿ ಕಾಯ್ತೀಯ ಅಂದ್ರು ಎಲ್ರೂ. ಮುಖ ತೋರಿಸದೆ ಕಳಿಸಿಬಿಟ್ಟೆ. ವರ್ಷಾ ವರ್ಷ ಈ ದಿನ ಬಂದ್ರೆ ನಾನು ಅವರ ಮುಂದೆ ಅಳ್ತಿದ್ದೆ. ತಪ್ಪಾಯ್ತು, ನಿಮ್ಮ ಮಗೂನ ನಿಮಗೆ ತೋರಿಸಲಿಲ್ಲ ಅಂತ. ಹೋಗಲಿ ಬಿಡು ಅಂತಿದ್ರು. ಬೆನ್ನು ಸವರೋರು.” ಅವಳ ದನಿ ಏರಲಿಲ್ಲ. “ಇಪ್ಪತ್ಮೂರು ವರ್ಷ ನನ್ನನ್ನ ಕ್ಷಮಿಸಿದ್ರು ಕಣೇ ಅವರು.”

ಅವಳಿಗೆ ಅಮ್ಮನ ಕೈ ಹಿಡಿಯಬೇಕು ಅನ್ನಿಸಿತು. ಆ ಮನೆಯಲ್ಲಿ ಅದೊಂದು ರೂಢಿ ಇರಲಿಲ್ಲ. ಮಂಚದ ಮೇಲಿದ್ದ ದಿಂಬಿನ ಕವರನ್ನು ತಾನೂ ಮಡಚಿದಳು.

“ನಾಳೆದು ಕಿತ್ತುಹಾಕ್ತೀನಮ್ಮ. ಬೇರೆ ಏನಾದ್ರೂ ತುಂಬಿಸ್ತೀನಿ.”

“ಯಾಕೆ? ಅವರು ಬರೆದ ಹಾಗೇ ಹಾಕು.”

“ಜನ ಓದ್ತಾರೆ.”

“ಜನಕ್ಕೇನು ಗೊತ್ತು, ಯಾರ ಮನೇದು ಅಂತ. ಒಂದೂರು, ಮೂರು ಬಸ್ಸು. ನಂಗೆ ಅದನ್ನ ದೊಡ್ಡಕ್ಷರದಲ್ಲಿ ನೋಡ್ಬೇಕು. ನಾನೇ ಓದ್ಬೇಕು, ನಿನ್ನ ಬಾಯಲ್ಲಲ್ಲ.”

ಕಚೇರಿಯಲ್ಲಿ ಭೂತಗನ್ನಡಿಯವರು ಡೈರಿಯನ್ನೂ ಅವಳು ತಿದ್ದಿದ ಸಾಲುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಮ್ಮೆ ಓದಿದರು. ವಾಡಿಕೆಯಂತೆ ಎರಡನೇ ಸಲ ಓದಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು.

“ಎರಡು ಸಾಲು ಜಾಸ್ತಿ ಆಗುತ್ತಮ್ಮ.”

“ಏನು ತೆಗೀಲಿ ಸರ್?”

“ಮೊಟ್ಟೆ ತೆಗೀರಿ,” ಅಂದು ಎದ್ದು ಹೋದರು.

ಹನ್ನೊಂದನೇ ತಾರೀಖು ಬೆಳಿಗ್ಗೆ ಅವಳು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಅಮ್ಮ ಪತ್ರಿಕೆ ಹಿಡಿದು ಕೂತಿದ್ದಳು. ಬೆರಳು ಸಾಲಿನ ಕೆಳಗೆ ಆಮೆಯಂತೆ ಸರಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಒಂದು ಕಡೆ ಬೆರಳು ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

“ಜನ ಕಂಡರು ಅಂತಿದೆಯಲ್ಲ,” ಅಂದಳು.

“ಹೂಂ ಅಮ್ಮ.”

“ಎರಡರ ಬಸ್ಸು ಇಲ್ಲಿಗೆ ಮೂರೂವರೆಗೆ ಬರೋದು. ಬಸ್ಸಿನ ಸದ್ದು ಕೇಳಿ ನಾನು ಬೀದಿಗೆ ಬಂದಿದ್ದೆ. ಬರಲ್ಲ ಅಂತ ಗೊತ್ತಿತ್ತು. ಎರಡು ದಿನದ ದಾರಿ ಅಲ್ವಾ. ಆದ್ರೂ ಬಂದು ನಿಂತಿದ್ದೆ. ಮಗು ತೋಳಲ್ಲಿತ್ತು. ಕೆಳಗಿಡಕ್ಕೆ ನಾನು ಬಿಟ್ಟಿರಲಿಲ್ಲ.”

ಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು ಅಮ್ಮ ಎದ್ದಳು. ಬಾಗಿಲಿಗೆ ಹೋಗಿ ಹೊಸ್ತಿಲ ಮೇಲೆ ನಿಂತಳು. ಇವಳೂ ಹಿಂದೆ ಹೋದಳು. ಬೀದಿಯ ಕೊನೆಯಲ್ಲಿ ತಿರುವು, ಶಾಲೆಯ ಮಕ್ಕಳು, ಹಾಲಿನ ವ್ಯಾನು.

“ಇಲ್ಲಿಂದ ತಿರುವು ಕಾಣುತ್ತೆ,” ಅಂದಳು ಅಮ್ಮ.

“ಕಾಣುತ್ತೆ.”

“ನೀನು ದಿನಾ ಆ ದಾರೀಲೇ ಬರ್ತೀಯಲ್ಲ. ಅಲ್ಲಿಂದ ನಮ್ಮ ಬಾಗಿಲು ಕಾಣುತ್ತಾ?”

ಅವಳು ತಿರುವಿನ ಕಡೆ ನೋಡಿದಳು. ವ್ಯಾನು ತಿರುವಿನಲ್ಲಿ ಮರೆಯಾಯಿತು.

“ಚೆನ್ನಾಗಿ ಕಾಣುತ್ತಮ್ಮ,” ಅಂದಳು.