ಮೊಮ್ಮಗನ ಮಾಸು

ಹಾಯಿದೋಣಿ ನಡೆಸುವುದನ್ನು ಕಲಿಯುತ್ತೇವೆಂದು ದುಡ್ಡು ಕೊಟ್ಟು ಬರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಹಗ್ಗ ಎಳೆದು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು ಅದರ ಫೋಟೋ ತೆಗೆದುಕೊಳ್ಳುತ್ತಾರೆ. ಏನು ಮಾಡುವುದು? ನಮ್ಮ ತೆಪುಕಾರೋಆ ದ್ವೀಪಕ್ಕೆ ವಿಮಾನವಿಲ್ಲ, ಸರಕಿನ ಹಡಗೂ ನಿಂತುಹೋಯಿತು. ನನ್ನ ತಮ್ಮ ತುಹೆಯಿ ಇಂಥವರನ್ನು ಹತ್ತಿಸಿಕೊಂಡು ಹೋಗುವ ದೋಣಿಯೊಂದೇ ಗತಿ. ಅದರಲ್ಲಿ ನಾನು ಅಡುಗೆಯವಳು.

ಈ ಸಲ ನನ್ನ ಜೊತೆ ಮೊಮ್ಮಗ ಹುಟ್ಟಿದಾಗ ಬಿದ್ದ ಮಾಸು ಇತ್ತು. ಮಗಳು ವೈಮಿತಿ ದೂರದ ಪಪೇಟೆ ಪಟ್ಟಣದ ಆಸ್ಪತ್ರೆಯಲ್ಲಿ ಹೆತ್ತಿದ್ದಳು. "ಅಮ್ಮಾ, ನಾನಂತೂ ಊರು ಬಿಟ್ಟೆ. ಇವನಿಗಾದ್ರೂ ಒಂದು ಊರು ಅಂತ ಇರ್ಲಿ. ತಾತನ ಕೈಲೇ ಹೂಳಿಸು" ಎಂದು ಅಳುತ್ತ ಗಂಟನ್ನು ಕೈಗಿಟ್ಟಳು. ನಮ್ಮಲ್ಲಿ ಮಾಸು ಹೂತದ್ದೇ ಮನುಷ್ಯನ ನೆಲ, ಅದರ ಮೇಲೆ ನೆಟ್ಟ ತೆಂಗು ಅವನದು. ಹೂಳದಿದ್ದರೆ ಅವನು ಎಲ್ಲಿ ಹೋದರೂ ನೆಂಟನೇ. ಗಂಟನ್ನು ದೋಣಿಯ ಫ್ರೀಜರಿನ ತಳದಲ್ಲಿಟ್ಟೆ.

ದೋಣಿ ಹತ್ತಿದವರಿಗೆಲ್ಲ ತುಹೆಯಿಯದು ಒಂದೇ ಪಾಠ: "ಇಲ್ಲಿ ಯಾರೂ ಅತಿಥಿ ಅಲ್ಲ. ಕೆಲಸ ಕಂಡ್ರೆ ಮಾಡಿ, ಕೇಳ್ತಾ ನಿಲ್ಬೇಡಿ."

ಲೂಸ್ಯಾಂ ಎಂಬ ಬೆಲ್ಜಿಯಮ್ಮಿನ ಮೇಷ್ಟರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪಾತ್ರೆ ಕೂಡ ಅವರೇ ತೊಳೆಯುತ್ತಿದ್ದರು, ಪಾಪ. ಕೊನೆಗೊಂದು ದಿನ ಊರಿನ ತೆಂಗಿನ ಮರಗಳ ತಲೆಗಳು ಕಂಡವು. ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬದ ಕಿಂಡಿಯಲ್ಲಿ ನೀರಿನ ಸೆಳೆತ ತಗ್ಗಲೆಂದು ಹೊರಗೇ ಕಾಯುತ್ತಿದ್ದೆವು. ಹಿಂದುಗಡೆಯಿಂದ ಮೇಷ್ಟರು ಕೂಗಿದರು.

"ಅಮ್ಮಾವ್ರೇ! ಎಂಥಾ ಮೀನು ಅಂತೀರಿ! ಗಾಳಾನೂ ಕಿತ್ಕೊಂಡು ಹೋಯ್ತು!"

"ಗಾಳಕ್ಕೆ ಏನು ಸಿಕ್ಕಿಸಿದ್ರಿ?"

"ಫ್ರೀಜರ್ ತಳದಲ್ಲಿ ಬಟ್ಟೆ ಸುತ್ತಿದ ಲಿವರ್ ಇತ್ತಲ್ಲ, ಅದೇ. ಮಿಕ್ಕಿದ್ದನ್ನೂ ಮೀನು ಸೇರ್ಲಿ ಅಂತ ಚೂರು ಮಾಡಿ ಎರಚಿದೆ."

ನನ್ನ ಕೈ ಎದ್ದೇಬಿಟ್ಟಿತು. ತುಹೆಯಿ ಹಿಡಿದುಕೊಂಡ.

"ಬಿಡಕ್ಕಾ, ಗೊತ್ತಿಲ್ದೆ ಮಾಡಿದ್ದು."

"ಕೇಳ್ದೆ ಮಾಡಿ ಅಂತ ಹೇಳ್ಕೊಟ್ಟೋನು ನೀನೇ ಅಲ್ವೇನೋ, ಮುಠ್ಠಾಳ!"

ವಿಷಯ ತಿಳಿದ ಮೇಷ್ಟರು ಅಲ್ಲೇ ಕುಸಿದು ಮುಖ ಮುಚ್ಚಿಕೊಂಡು ಅತ್ತರು. ಆ ಮನುಷ್ಯನನ್ನು ಬಾಯ್ತುಂಬ ಬೈಯುವ ಸುಖವೂ ನನಗಿಲ್ಲದೆ ಹೋಯಿತು.

ತುಹೆಯಿ ಕಿವಿಯ ಹತ್ತಿರ ಬಂದ. "ಹಂದಿ ಮಾಂಸ ಇದೆ. ಸುತ್ತಿ ಅಪ್ಪಂಗೆ ಕೊಟ್ಬಿಡೋಣ. ಬಿಚ್ಚಿ ನೋಡೋರು ಯಾರು?"

"ಹಂದಿ ಹೂತಿದ್ದು ನನ್ನ ಮೊಮ್ಮಗನ ನೆಲ ಆಗತ್ತೇನೋ? ಹೋಗತ್ಲಾಗೆ!"

ದಡದಲ್ಲಿ ನಮ್ಮ ಅಪ್ಪ, ವೈಮಿತಿಯ ತಾತ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ನಿಂತಿದ್ದ. ಗುಂಡಿ ತೋಡಿಟ್ಟಿದ್ದ, ಪಕ್ಕದಲ್ಲಿ ತೆಂಗಿನ ಸಸಿ. ಎರಡೂ ಕೈ ಚಾಚಿದ.

"ಎಲ್ಲಿ, ಕೊಡೇ ನನ್ನ ಮರಿಮಗನ್ನ."

"ಅಪ್ಪಾ, ಸಮುದ್ರದ ಪಾಲಾಯ್ತು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಪ್ಪ ಅಂಗಿಗೆ ಒರೆಸಿಕೊಂಡ.

"ಮೀನು ತಿಂತಾ?"

"ಹೂಂ."

ಅಪ್ಪ ಕಾಲಿನಿಂದ ಮರಳನ್ನು ಗುಂಡಿಗೆ ತಳ್ಳತೊಡಗಿದ. "ಸಮುದ್ರಕ್ಕೆ ಅವನ ರುಚಿ ಹತ್ತಿದೆ. ಇನ್ನು ಮಿಕ್ಕಿದ್ದಕ್ಕೆ ಕಾಯ್ತಿರತ್ತೆ. ಮಗೂನ ಯಾವತ್ತೂ ದೋಣಿ ಹತ್ತಿಸಬೇಡಿ ಅಂತ ವೈಮಿತಿಗೆ ಹೇಳು."

"ದೋಣಿ ಬಿಟ್ಟು ಇಲ್ಲಿಗೆ ಬರೋಕೆ ದಾರಿ ಎಲ್ಲಿದೆಯಪ್ಪಾ?"

"ಇಲ್ಲ. ನಂಗೊತ್ತು."

ಗುಂಡಿ ತುಂಬಿತು. ಅಪ್ಪ ಅದರ ಪಕ್ಕದಲ್ಲೇ ಕೂತು, ನನ್ನನ್ನೂ ಕೂರಿಸಿಕೊಂಡ.

"ಯಾರ ಹಾಗಿದಾನೆ, ಹೇಳು" ಎಂದ. "ನಿಧಾನವಾಗಿ ಹೇಳು."