ಅರ್ಕಾರೋ ಕುಲ್ಜಾನೋ

ಬೇಟೆಯ ಸಂಗತಿಯನ್ನು ಬೇಟೆಗಾರರೇ ಹೇಳಬೇಕು. ನಾನು ಕೋವಿ ಮುಟ್ಟಿದವಳಲ್ಲ. ಎತ್ತರದ ಗುಡ್ಡನಾಡಾದ ಮುರ್ಗಾಬಿನ ಹವಾಮಾನ ಕೇಂದ್ರದಲ್ಲಿ ಗಾಳಿ, ಚಳಿ ಅಳೆಯುವ ಕೆಲಸದವಳು, ಸಂಜೆ ಶಾಲೆಯಲ್ಲಿ ಓದಿದವಳು. ಏನಾದರೂ ತಪ್ಪು ಹೇಳಿಬಿಟ್ಟೇನೋ ಎಂಬ ಅಳುಕು ಈಗಲೂ ಇದೆ. ತಿಳಿದವರು ಕ್ಷಮಿಸಬೇಕು.

ಆ ಚಳಿಗಾಲ ಕೆಳನಾಡಿನಲ್ಲಿ ಯುದ್ಧ. ಓಶ್ ಪಟ್ಟಣದಿಂದ ಹಿಟ್ಟಿನ ಲಾರಿ ಬರುವುದು ನಿಂತಿತ್ತು, ಯಾಕ್‌ಗಳ ಕೆಚ್ಚಲು ಬತ್ತಿತ್ತು. ನಮ್ಮಕ್ಕ ಬುರುಲ್ ತುಂಬು ಬಸುರಿ. ಹಿಂದಿನ ಬಸಿರು ಯಾವುದೂ ನಿಂತಿರಲಿಲ್ಲ. ಈ ಸಲ ನಿಂತಿತ್ತು, ಆದರೆ ಅವಳ ಕೈಕಾಲು ಒಲೆಗೆ ಹಾಕುವ ಕಡ್ಡಿಯ ಹಾಗಾಗಿದ್ದವು. ಉಪ್ಪು ಹಾಕಿದ ಬರೀ ಚಹಾ ಕುಡಿದು ಮಲಗುತ್ತಿದ್ದಳು. ಮಾಂಸ ಸಿಗದಿದ್ದರೆ ತಾಯಿ, ಮಗು ಇಬ್ಬರೂ ಉಳಿಯುವುದು ಕಷ್ಟ ಎಂದು ಸೂಲಗಿತ್ತಿ ನನ್ನನ್ನು ಹೊರಗೆ ಕರೆದು ಹೇಳಿದಳು.

ಯಾಕ್ ಕಡಿದರೆ ಬರುವ ವರ್ಷ ಹಾಲಿಲ್ಲ, ಹಾಗಾಗಿ ಮಾಂಸವೆಂದರೆ ಗುಡ್ಡದ ಕಾಡುಕುರಿ. ನಮ್ಮ ಭಯ ಇದ್ದದ್ದೂ ಅಲ್ಲೇ. ಬಸುರಿ ಇರುವ ಮನೆಯವರು ಹೆಣ್ಣುಕುರಿಯನ್ನು, ನಾವು ಅರ್ಕಾರ್ ಅನ್ನುವುದನ್ನು, ಹೊಡೆಯುವಂತಿಲ್ಲ. ಆ ತಿಂಗಳಲ್ಲಿ ಅರ್ಕಾರ್‌ಗಳೆಲ್ಲ ಗಬ್ಬ. ಅದರ ಹೊಟ್ಟೆಯಲ್ಲಿರುವುದು ಸತ್ತರೆ ಮನೆಯವಳ ಹೊಟ್ಟೆಯದೂ ನಿಲ್ಲುವುದಿಲ್ಲ ಎನ್ನುತ್ತಾರೆ. ಇಂಥದನ್ನು ನಂಬಬಾರದೆಂದು ಸಂಜೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಒಪ್ಪಿಕೊಂಡೂ ಇದ್ದೆ. ಭಯ ಮಾತ್ರ ಹೋಗಿರಲಿಲ್ಲ.

ದೊಡ್ಡ ಗಂಡುಗಳು, ಅಂದರೆ ಸುರುಳಿ ಕೊಂಬಿನ ಕುಲ್ಜಾಗಳು, ದೂರದ ಎತ್ತರಕ್ಕೆ ಹೋಗಿಬಿಟ್ಟಿದ್ದವು. ಹತ್ತಿರದಲ್ಲಿದ್ದದ್ದು ಹೆಣ್ಣುಗಳ ಹಿಂಡು, ಅದರೊಳಗೆ ತಾಯಿಯ ಬೆನ್ನು ಬಿಡದ ಎಳೆ ಕುಲ್ಜಾಗಳು. ಎಳೆಗಂಡಿನ ಕೊಂಬೂ ಬೆಳೆದ ಹೆಣ್ಣಿನ ಕೊಂಬೂ ಹೆಚ್ಚುಕಡಿಮೆ ಒಂದೇ ಉದ್ದ.

ಭಾವ ಎರ್ಗೆಷ್ ಒಳ್ಳೆಯ ಗುರಿಗಾರರು. ಆದರೆ ಹಿಮದ ಬಿಳುಪಿಗೆ ಅವರ ಕಣ್ಣು ಕೆಟ್ಟು ದೂರದ್ದೆಲ್ಲ ಮಸುಕಾಗುತ್ತಿತ್ತು; ಪ್ರಾಣಿಯ ಮೈ ಕಾಣುತ್ತಿತ್ತು, ಕೊಂಬು ತಿಳಿಯುತ್ತಿರಲಿಲ್ಲ.

"ದುರ್ಬೀನು ಕೊಡು ಸಾಯ್ರಾ," ಅಂದರು.

"ಅದು ಕೇಂದ್ರದ್ದು ಭಾವ, ನನ್ನ ಹೆಸರಲ್ಲಿದೆ. ಕೊಡೋ ಹಾಗಿಲ್ಲ."

"ಹಾಗಾದ್ರೆ ಅದ್ರ ಜೊತೆ ನೀನೂ ಬಾ. ಇಬ್ಬರನ್ನೂ ಹೊರೋಕೆ ನನ್ನ ಕೈಲಾಗಲ್ಲ, ನಡ್ಕೊಂಡೇ ಬರ್ಬೇಕು."

ಬೆಳಗ್ಗೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಒಂದು ಬಂಡೆಯ ಮರೆಯಲ್ಲಿ ಬೋರಲು ಬಿದ್ದಿದ್ದೆವು. ಎದುರಿನ ಇಳಿಜಾರಿನಲ್ಲಿ ಹಿಂಡು ಹಿಮ ಕೆದರಿ ಮೇಯುತ್ತಿತ್ತು.

"ಹೇಳಮ್ಮ, ಹವಾಮಾನದ ಮೇಡಂ. ಯಾವ್ದು?"

"ತಾಳಿ ಭಾವ. ಎಲ್ಲಾ ಒಂದೇ ಥರ ಕಾಣ್ತಿವೆ."

"ತುದಿ ನೋಡ್ಬೇಡ, ಬುಡ ನೋಡು. ಹೆಣ್ಣಿನ ಕೊಂಬು ಬುಡದಿಂದ್ಲೇ ತೆಳು. ಗಂಡಿಂದು ಬುಡ ದಪ್ಪ, ಹೊರಗಡೆಗೆ ಚೆಲ್ಲಿರುತ್ತೆ."

ಅಂಚಿನಲ್ಲಿ ಎರಡು ಪಕ್ಕಪಕ್ಕ ನಿಂತಿದ್ದವು. ಎಡಗಡೆಯದರ ಬುಡ ದಪ್ಪ ಅನ್ನಿಸಿತು. ಚಳಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ನೋಡಿದರೆ ಬಲಗಡೆಯದೂ ದಪ್ಪ ಅನ್ನಿಸಿತು. ಅಕ್ಕನ ಹೊಟ್ಟೆಯೇ ಕಣ್ಣ ಮುಂದೆ ಬಂತು.

"ಎಡಗಡೇದು ಗಂಡು ಅನ್ಸುತ್ತೆ."

"ಅನ್ಸೋದು ಬೇಡ. ಉಚ್ಚೆ ಹೊಯ್ಯೋವರೆಗೂ ಕಾಯಿ. ಹೆಣ್ಣು ಹಿಂಗಾಲು ಮಡಚಿ ಕೂರುತ್ತೆ. ಗಂಡು ನಿಂತಲ್ಲೇ ಬೆನ್ನು ತಗ್ಗಿಸುತ್ತೆ."

"ನಾದಿನಿ ಹತ್ರ ಆಡೋ ಮಾತಾ ಇದು?"

"ನಿಮ್ಮಕ್ಕನಿಗೆ ಹೇಳ್ಬೇಡ, ಆಯ್ತಾ."

ಕಾದೆವು. ಬೆರಳುಗಳಿಗೆ ಅರಿವೇ ಇರಲಿಲ್ಲ. ಗಾಳಿ ತಿರುಗಿದರೆ ನಮ್ಮ ವಾಸನೆ ಹೋಗುತ್ತದೆ, ಹಿಂಡು ಓಡುತ್ತದೆ, ಬರಿಗೈಯಲ್ಲಿ ಮನೆಗೆ. ಕೊನೆಗೆ ಎಡಗಡೆಯದು ತಲೆ ಎತ್ತಿ, ನಿಂತಲ್ಲೇ ಬೆನ್ನು ತಗ್ಗಿಸಿತು. ಹೊಟ್ಟೆಯ ಕೆಳಗಿನ ಹಿಮ ಹಳದಿಯಾಯಿತು. ಅದನ್ನು ನಾನು ಸ್ಪಷ್ಟವಾಗಿ ಕಂಡೆ.

"ಗಂಡು. ಎಡಗಡೇದು. ನೋಡಿದೆ."

ಭಾವ ಕೋವಿ ಏರಿಸುವಷ್ಟರಲ್ಲಿ ಮೇಲಿಂದ ಒಂದು ಕಲ್ಲು ಉರುಳಿತು. ಹಿಂಡು ಬೆಚ್ಚಿ ಒಂದರೊಳಗೊಂದು ನುಗ್ಗಿ ಮತ್ತೆ ನಿಂತಿತು.

"ಈಗ ಯಾವ್ದು? ಬೇಗ."

"ಮುಂದಿಂದು," ಅಂದೆ. "ಮುಂದಿಂದು ಅನ್ಸ..." ಅನ್ನುವಾಗ ಗುಂಡು ಹಾರಿತ್ತು.

ಮುಂದಿನದು ಮಂಡಿಯೂರಿತು, ಜಾರಿತು, ಕಡಿದಾದ ಕಮರಿಯೊಳಗೆ ಉರುಳಿ ಕಣ್ಮರೆಯಾಯಿತು.

"ನೀನು ಇಳೀಬೇಡ, ಹಿಮ ಇಬ್ಬರನ್ನ ತಡಿಯಲ್ಲ," ಎಂದು ಭಾವ ಚಾಕು ಹಿಡಿದು ಒಬ್ಬರೇ ಇಳಿದರು.

ನಾನು ಎದುರಿನ ಇಳಿಜಾರಿಗೆ ಹೋಗಿ ಆ ಹಳದಿ ಕಲೆ ಹುಡುಕಿದೆ. ಅಲ್ಲಿಂದ ಹೊರಟ ಹೆಜ್ಜೆ ರಕ್ತ ಬಿದ್ದ ಜಾಗಕ್ಕೆ ಮುಟ್ಟಿದ್ದರೆ ಅನುಮಾನವೇ ಇರುತ್ತಿರಲಿಲ್ಲ. ಆದರೆ ಗೊರಸುಗಳು ಎಲ್ಲವನ್ನೂ ತುಳಿದು ಕಲಸಿಬಿಟ್ಟಿದ್ದವು. ಕಮರಿಯ ಆಚೆ ತೋಳವೊಂದು ಕೂಗಿತು, ಇನ್ನೊಂದು ಉತ್ತರ ಕೊಟ್ಟಿತು.

ಭಾವ ಮಾಂಸದ ಮೂಟೆ ಹೊತ್ತು ಮೇಲೆ ಬಂದರು. ತಲೆ ಇರಲಿಲ್ಲ, ಚರ್ಮವೂ ಇರಲಿಲ್ಲ. ನಮ್ಮಲ್ಲಿ ಕೊಂಬಿನ ತಲೆಯನ್ನು ತಂದು ಪೀರರ ಗೋರಿಯ ಕಲ್ಲುಗಳ ಮೇಲೆ ಇಡುತ್ತಾರೆ. ಭಾವ ಎಂದೂ ತಪ್ಪಿಸಿದವರಲ್ಲ.

"ತಲೆ ಎಲ್ಲಿ ಭಾವ?"

"ಭಾರ. ತೋಳ ಬರ್ತಿವೆ, ನಡಿ."

"ಗಂಡೇ ತಾನೇ?"

"ಗಂಡೇ."

ನನ್ನ ಮುಖ ನೋಡಿ ಹೇಳಲಿಲ್ಲ. ಮನೆ ಸೇರುವವರೆಗೂ ಒಂದು ತಮಾಷೆಯ ಮಾತೂ ಬರಲಿಲ್ಲ. ಹೆಣ್ಣಾಗಿದ್ದರೂ ಹೆಂಡತಿ ಉಣ್ಣಲಿ ಎಂದು ಗಂಡೇ ಅನ್ನುತ್ತಿದ್ದರು, ಅದು ನನಗೆ ಗೊತ್ತು.

ಸಾರು ಕುದಿಯಿತು. ಬಟ್ಟಲು ಮುಂದಿಟ್ಟರೆ ಅಕ್ಕ ಮುಟ್ಟಲಿಲ್ಲ.

"ಗಂಡು ಕಣೇ, ತಿನ್ನು," ಅಂದರು ಭಾವ.

"ನೀವು ಸುಮ್ನಿರಿ. ಸಾಯ್ರಾ, ನೀನು ಹೇಳು. ನೀನು ಸುಳ್ಳು ಹೇಳೋಕೆ ಹೋದ್ರೆ ಕಿವಿ ಕೆಂಪಾಗುತ್ತೆ."

ಭಾವ ನನ್ನನ್ನೇ ನೋಡಿದರು. ಹೇಳು ಎನ್ನುವ ಹಾಗೆ. ಗಂಡು ಎಂದುಬಿಟ್ಟರೆ ಅವಳು ಉಣ್ಣುತ್ತಾಳೆ. ನಾಳೆ ಏನಾದರೂ ಆದರೆ?

"ಒಂದು ಗಂಡನ್ನ ನೋಡಿದ್ದು ನಿಜ ಅಕ್ಕ. ಆಮೇಲೆ ಬೆರೆತುಹೋದ್ವು. ಬಿದ್ದಿದ್ದು ಅದೇನಾ, ನಂಗೊತ್ತಿಲ್ಲ."

ಭಾವ ಎದ್ದು ಹೊರಗೆ ಹೋದರು. ಅಕ್ಕ ಬಟ್ಟಲನ್ನೇ ನೋಡುತ್ತ ಕೂತಳು. ಹೊಟ್ಟೆಯೊಳಗೆ ಕೂಸು ಒದ್ದಿರಬೇಕು, ಕೈ ಅಲ್ಲಿಗೆ ಹೋಯಿತು.

"ಇದಕ್ಕೆ ಹಸಿವಾಗಿದೆ," ಅಂದಳು. ಬಟ್ಟಲೆತ್ತಿ ಕುಡಿದಳು. ಕುಡಿಯುವಾಗ ಹಲ್ಲು ಬಟ್ಟಲಿಗೆ ತಾಗಿ ಟಕಟಕ ಅನ್ನುತ್ತಿತ್ತು.

ಹೆರಿಗೆಯಾಗುವವರೆಗೆ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಹೆಣ್ಣುಮಗು. ಅಳಲು ತಡ ಮಾಡಿತು. ಆ ಹೊತ್ತು ಸೂಲಗಿತ್ತಿಯೂ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಅತ್ತಿತು. ಇಬ್ಬರೂ ಬದುಕಿದರು. ಇವತ್ತಿಗೂ ಆ ಮಗುವಿಗೆ ಜ್ವರ ಬಂದರೆ ನನಗೆ ಮೊದಲು ನೆನಪಾಗುವುದು ಆ ಇಳಿಜಾರು.

ಭಾವನನ್ನು ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಕಮರಿಗೆ ಉರುಳಿದ್ದು ಅರ್ಕಾರೋ ಕುಲ್ಜಾನೋ, ನನಗೆ ಗೊತ್ತಿಲ್ಲ.