ಕೆಂಡದ ಮಡಕೆ ಹಿಡಿದವನು

ಅಪ್ಪ ತೀರಿಕೊಂಡು ಎಂಟು ದಿನವಾಗಿತ್ತು. ಮರುದಿನ ಒಂಬತ್ತನೆಯ ದಿನದ ಊಟ. ಕನೂಸಿಯಂ ಊರಿನ ಹಿರಿಯರೆಲ್ಲ ಬರುವವರಿದ್ದರು. ಅವರೆದುರು ಅಣ್ಣ ಮಾನಿಯಸ್ ಅಪ್ಪನ ಕಾವ್ಯದ ಕೊನೆಯ ಭಾಗವನ್ನು ಓದಬೇಕಿತ್ತು. ಆ ಕೊನೆಯ ಭಾಗವೇ ಈಗ ಇರಲಿಲ್ಲ.

ತಪ್ಪು ತಂಗಿ ಗಾವಿಯಾಳದೇ. ಕಣ್ಣು ಮಂಜಾದ ಮೇಲೆ ಅಪ್ಪ ಹೇಳುತ್ತಿದ್ದ, ಅವಳು ಮೇಣ ಬಳಿದ ಮಡಚು ಹಲಗೆಯ ಮೇಲೆ ಗೀರಿಕೊಳ್ಳುತ್ತಿದ್ದಳು, ಆಮೇಲೆ ನಿಧಾನವಾಗಿ ಶಾಯಿಯಲ್ಲಿ ಸುರುಳಿಗೆ ಇಳಿಸುತ್ತಿದ್ದಳು. ಕೊನೆಯ ಹಲಗೆ ಸುರುಳಿಗೆ ಇಳಿಯುವ ಮೊದಲೇ ಅಪ್ಪ ಹೋದ. ಮನೆದೇವರ ಕಾಲಬಳಿ ಇದ್ದರೆ ಕ್ಷೇಮ ಎಂದುಕೊಂಡು ಅವಳು ಅದನ್ನು ಒಲೆಯ ಮೇಲಿನ ದೇವರ ಗೂಡಿನಲ್ಲಿಟ್ಟಳು. ಸಾವಿನ ಮನೆಗೆ ಬಂದವರಿಗೆ ಬೇಯಿಸಿ ಹಾಕಲು ನಾಲ್ಕು ದಿನ ಒಲೆ ಆರಿರಲಿಲ್ಲ. ತೆಗೆದು ನೋಡಿದಾಗ ಮೇಣ ಕರಗಿ, ಮತ್ತೆ ಹೆಪ್ಪುಗಟ್ಟಿ, ಹಲಗೆ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು.

ಸಾಲುಗಳೇನೋ ಅವಳಿಗೆ ಬಾಯಿಗೆ ಬರುತ್ತಿದ್ದವು. ಕೇಳಲು ಅಣ್ಣ ತಯಾರಿರಲಿಲ್ಲ.

"ದೇವರ ಗೂಡಲ್ಲೇ ಅಳಿಸಿಹೋಗಿದೆ ಅಂದ್ರೆ ಅವರಿಗೂ ಅದು ಹಿಡಿಸ್ಲಿಲ್ಲ ಅಂತ ತಾನೆ," ಎಂದ. "ಹೊಸದಾಗಿ ಬರಿ. ನಾನು ಹೇಳ್ತೀನಿ."

ಅಪ್ಪನ ಕಾವ್ಯದ ನಾಯಕ ಊರು ಕಟ್ಟಿದ ಮೂಲಪುರುಷ. ಕೊನೆಯಲ್ಲಿ ಶತ್ರುಗಳು ಬೆನ್ನಟ್ಟಿ ಬರುತ್ತಾರೆ. ಜನ ಹೊಳೆ ದಾಟುತ್ತಿದ್ದಾರೆ. ಹಳೆಯ ಊರಿನ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಅವನು ಸೊಂಟದುದ್ದದ ನೀರಿನಲ್ಲಿ ನಿಂತಿದ್ದಾನೆ. ಭುಜಕ್ಕೆ ಬಾಣ ನೆಟ್ಟರೂ ಮಡಕೆ ಇಳಿಸುವುದಿಲ್ಲ, ಕೊನೆಯ ಮುದುಕಿ ದಾಟುವವರೆಗೆ ಕದಲುವುದಿಲ್ಲ. ಅವನು ಮಡಕೆ ಬಿಸಾಡಿ ಕತ್ತಿ ಹಿರಿಯಬೇಕು ಎಂಬುದು ಮಾನಿಯಸ್‌ನ ಹಟ. ಹತ್ತು ವರ್ಷ ದಂಡಿನಲ್ಲಿದ್ದು, ಒಂದು ಮೊಣಕಾಲು ಕೆಡಿಸಿಕೊಂಡು ಬಂದವನು ಅವನು.

ಅವನ ಹಟದ ಬೇರು ಗಾವಿಯಾಳಿಗೆ ಗೊತ್ತಿತ್ತು. ಅವಳಿಗೆ ಐದು, ಅಣ್ಣನಿಗೆ ಹತ್ತು ವರ್ಷವಿದ್ದಾಗ ಔಫಿಡಸ್ ಹೊಳೆ ಉಕ್ಕಿ ಕೆಳಗೇರಿಗೆ ನುಗ್ಗಿತ್ತು. ಬೇರೆ ಗಂಡಸರು ದನ ಬಿಡಿಸಲು ಓಡಿದರೆ, ಪಾಠ ಹೇಳುವ ಅಪ್ಪ ಒಲೆಯ ಕೆಂಡವನ್ನು ಮಡಕೆಗೆ ತುಂಬಿಕೊಂಡು, ತನ್ನ ಮೇಲುಹೊದಿಕೆಯ ಅಂಚು ಹಿಡಿಸಿ ಅಜ್ಜಿಯನ್ನು ಗುಡ್ಡ ಹತ್ತಿಸಿದ್ದ. ಅವತ್ತು ಸಂಜೆ ಗುಡ್ಡದ ಮೇಲೆ ಕೆಳಗೇರಿಯವರ ಒಲೆಗಳೆಲ್ಲ ಆ ಮಡಕೆಯಿಂದಲೇ ಹೊತ್ತಿಕೊಂಡವು. ಒದ್ದೆ ಉಣ್ಣೆಯ ವಾಸನೆ, ಗಂಜಿ ಕುದಿಯುವ ಸದ್ದು, ಎಲ್ಲರ ಮುಖದ ಮೇಲೂ ಒಂದೇ ಕೆಂಪು ಬೆಳಕು. ಅವಳ ಇಡೀ ಬಾಲ್ಯದಲ್ಲಿ ಅಷ್ಟು ಬೆಚ್ಚಗಿನ ಸಂಜೆ ಇನ್ನೊಂದಿಲ್ಲ. ಆದರೆ ಮಾನಿಯಸ್‌ನ ಗೆಳೆಯರು ಅವನನ್ನು ವರ್ಷಗಟ್ಟಲೆ ಮಡಕೆಯವನ ಮಗ ಎಂದೇ ಕರೆದರು.

ಅಪ್ಪ ಶಿಷ್ಯರಿಗೆ ಹೇಳುತ್ತಿದ್ದುದು ಒಂದೇ ಮಾತು. ಶೌರ್ಯ ಗೂಳಿಗೂ ಇರುತ್ತದೆ. ದೇವರಿಗೆ, ಹೆತ್ತವರಿಗೆ, ಊರಿಗೆ ತಾನು ಸಲ್ಲಬೇಕಾದವನು ಎಂಬುದನ್ನು ಪ್ರಾಣ ಹೋಗುವಾಗಲೂ ಮರೆಯದವನೇ ವೀರ.

ಊಟಕ್ಕೆ ಕೂತಾಗಲೂ ಅಣ್ಣ ಬಿಡಲಿಲ್ಲ. ನಾಳೆ ಊರೆಲ್ಲ ನಗುತ್ತದೆ, ಸತ್ತ ಮೇಲಾದರೂ ಅಪ್ಪನಿಗೆ ಮರ್ಯಾದೆ ಬೇಡವೇ ಎಂದು ರೊಟ್ಟಿ ಹಿಡಿದ ಕೈಯನ್ನು ಬೀಸಿ ಬೀಸಿ ಹೇಳುತ್ತಿದ್ದ.

"ಮಡಕೆ ಹಿಡ್ಕೊಂಡು ನಿಂತೋನನ್ನ ಯಾರೇ ವೀರ ಅಂತಾರೆ? ಅಡುಗೆಯವನು ಅಂತಾರೆ. ದಂಡಲ್ಲಾಗಿದ್ರೆ ಅವನ—"

ರೊಟ್ಟಿಯ ಚೂರು ಕೈಜಾರಿ ನೆಲಕ್ಕೆ ಬಿತ್ತು.

ಮಾನಿಯಸ್ ಅಲ್ಲಿಗೇ ಮಾತು ನಿಲ್ಲಿಸಿದ. ಕೆಟ್ಟ ಮೊಣಕಾಲನ್ನು ಕಷ್ಟದಿಂದ ಮಡಿಸಿ ಚೂರನ್ನು ಎತ್ತಿಕೊಂಡ. ಮಣ್ಣನ್ನು ಊದಲಿಲ್ಲ, ಬಿದ್ದದ್ದು ಮನೆದೇವರ ಪಾಲು, ಊದಬಾರದು. ಕುಂಟುತ್ತ ಹೋಗಿ ಒಲೆಗೆ ಹಾಕಿ, ಅದು ಪೂರ್ತಿ ಉರಿದು ಬೂದಿಯಾಗುವವರೆಗೆ ತಲೆಬಾಗಿ ನಿಂತ. ಥೇಟ್ ಅಪ್ಪನ ಬೆನ್ನು.

ಗಾವಿಯಾ ಎಂದೂ ಅಣ್ಣನಿಗೆ ಎದುರು ಮಾತಾಡಿದವಳಲ್ಲ. ಬಟ್ಟಲಿನ ಕಡೆ ನೋಡುತ್ತಲೇ ಕೇಳಿದಳು.

"ಅಣ್ಣ, ಈಗ ನಿನ್ ಕೈಲಿ ಕತ್ತಿ ಇದ್ದಿದ್ರೆ?"

"ಕೆಳಗಿಡ್ತಿದ್ದೆ," ಎಂದ ಅವನು, ತಿರುಗದೆಯೇ. "ರೊಟ್ಟಿ ಎತ್ಕೋಬೇಕಲ್ಲ."

ಆಮೇಲೆ ಬಗ್ಗಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿದ. ತನ್ನ ಮಾತು ತನಗೇ ಕೇಳಿಸಿತೇನೋ.

"ಹಲಗೆ ತಗೊಂಬಾ," ಎಂದ ಕೊನೆಗೆ. "ಅಪ್ಪ ಹೇಳಿದ ಹಾಗೇ ಬರಿ."

ಅವಳು ಒಂದೊಂದೇ ಸಾಲನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಗೀರತೊಡಗಿದಳು. ಅವನು ಪಕ್ಕದಲ್ಲಿ ಕೂತು ಕೇಳಿದ. ಹೊಳೆ ಬಂತು, ಬಾಣ ಬಂತು, ಕೊನೆಯ ಮುದುಕಿ ದಡ ಸೇರಿದಳು.

"ಹೊಳೆ ಉಕ್ಕಿದ ದಿನ ಅಪ್ಪನ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು ಕಣೇ," ಎಂದ ಮಾನಿಯಸ್ ಮೆಲ್ಲಗೆ. "ಆಲಿವ್ ಎಣ್ಣೆ ಹಚ್ಚಿದ್ದು ನಾನೇ. ಯಾರಿಗೂ ಹೇಳ್ಬೇಡ ಅಂದಿದ್ದ."

ಗಾವಿಯಾಳ ಕೈ ನಿಂತಿತು. ಹಲಗೆಯ ಕೆಳಗಡೆ ಇನ್ನೊಂದು ಸಾಲಿಗೆ ಜಾಗವಿತ್ತು. ಆದರೂ ಅವಳು ಬೊಬ್ಬೆಯ ಮಾತನ್ನು ಬರೆಯಲಿಲ್ಲ. ಅಪ್ಪ ಹೇಳಿರಲಿಲ್ಲವಲ್ಲ. ಹಲಗೆಯನ್ನು ಮಡಚಿ, ಈ ಸಲ ಒಲೆಯಿಂದ ದೂರ, ಅಣ್ಣನ ಕೈಗೇ ಕೊಟ್ಟಳು.